ಇದ್ದಿಲು, ಕೆಂಡ, ಇಂಗಾಲ

ಹಾಸನದಲ್ಲಿ ನಮ್ಮ ಬೀದಿಯ ಇಸ್ತ್ರಿ ಅಂಗಡಿಗೆ ಬೆಳಿಗ್ಗೆ ಬೇಗ ಹೋದರೆ ಅಜ್ಜ ಬಟ್ಟೆ ಈಸಿಕೊಳ್ಳುವ ಮೊದಲೇ ಹೇಳುತ್ತಾರೆ: "ತಡಿ ಮಗ, ಇದ್ಲು ಇನ್ನೂ ಕೆಂಡ ಆಗಿಲ್ಲ." ಇಸ್ತ್ರಿ ಪೆಟ್ಟಿಗೆಯ ಮುಚ್ಚಳ ತೆರೆದಿರುತ್ತದೆ. ಒಳಗಿನ ಕಪ್ಪು ಚೂರುಗಳ ಅಂಚಿಗಷ್ಟೇ ಕೆಂಪು ಹತ್ತಿರುತ್ತದೆ. ಅಜ್ಜ ರಟ್ಟಿನ ತುಂಡಿನಿಂದ ಬೀಸುತ್ತಾ ಕೂತಿರುತ್ತಾರೆ. ಚಾರ್‌ಕೋಲ್ ಎಂಬುದಕ್ಕೆ ಕನ್ನಡ ಪದ ಕೇಳಿದರೆ ನಮ್ಮಲ್ಲಿ ಎಷ್ಟೋ ಜನ ಇದ್ದಿಲು, ಕೆಂಡ ಎರಡನ್ನೂ ಬರೆದುಬಿಡುತ್ತೇವೆ. ಅಜ್ಜನ ಮಾತು ನೆನಪಿಟ್ಟುಕೊಂಡರೆ ಆ ತಪ್ಪು ಆಗುವುದಿಲ್ಲ.

ಗಾಳಿ ಸಾಲದೆ ಬೆಂದ ಕಟ್ಟಿಗೆಯಿಂದ ನೀರು, ಹೊಗೆ ಎಲ್ಲ ಹೋಗಿ ಉಳಿಯುವ ಕಪ್ಪು ಚೂರು ಇದ್ದಿಲು. ಇದ್ದಲು ಎಂದರೂ ಸರಿಯೇ. ಅದು ಹೊತ್ತಿ ಕೆಂಪಾದರೆ ಕೆಂಡ, ಉರಿದು ಮುಗಿದರೆ ಬೂದಿ. ಒಂದು ತುದಿ ಉರಿಯುತ್ತಿರುವ ಕಟ್ಟಿಗೆ ಕೊಳ್ಳಿ, ಪಾತ್ರೆಯ ತಳಕ್ಕೆ ಹಿಡಿಯುವುದು ಮಸಿ. ಸೌದೆ ಒಲೆ ಊದಿದವರು ಇವುಗಳಲ್ಲಿ ಒಂದನ್ನು ಇನ್ನೊಂದು ಎನ್ನುವುದಿಲ್ಲ. "ಇದ್ದಲು ಮಸಿಗೆ ಬುದ್ಧಿ ಹೇಳಿತಂತೆ" ಎಂಬ ಗಾದೆ ನಿಂತಿರುವುದೂ ಎರಡೂ ಬೇರೆ ಬೇರೆ, ಆದರೆ ಬಣ್ಣ ಒಂದೇ ಎಂಬುದರ ಮೇಲೆ.

ಕೆಂಡದಲ್ಲಿರುವುದು ಕೆಂಪು, ಕೆಂದಾವರೆಗಳ 'ಕೆಂ'. ಸಿಟ್ಟಿನ ಮಾತುಗಳೆಲ್ಲ ಈ ಪದಕ್ಕೇ ಅಂಟಿಕೊಂಡಿವೆ: ಕೂಗಾಡುವವರು ಕೆಂಡಾಮಂಡಲ, ಒಳಗೇ ಇಟ್ಟುಕೊಂಡವರು ಬೂದಿ ಮುಚ್ಚಿದ ಕೆಂಡ.

ಕಲ್ಲಿದ್ದಲು ಎಂದರೆ ಕಲ್ಲಿನ ಇದ್ದಲು. ಮೊದಲಿನಿಂದ ಮನೆಯಲ್ಲಿದ್ದದ್ದು ಮರದ ಇದ್ದಲು, ಗಣಿಯದು ಆಮೇಲೆ ಬಂದದ್ದು, ಹಾಗಾಗಿ ವಿಶೇಷಣ ಅದಕ್ಕೆ ಬಿತ್ತು. ತೆಲುಗಿನವರು ಇನ್ನೂ ಸೊಗಸಾಗಿ ರಾಕ್ಷಸಿ ಬೊಗ್ಗು ಎನ್ನುತ್ತಾರೆ, ರಾಕ್ಷಸಿ ಇದ್ದಿಲು. ಇಂಗ್ಲಿಷಿನಲ್ಲಿ ನಡೆದದ್ದು ತಿರುಗುಮುರುಗು. ಕೋಲ್ ಎಂಬುದು ಹಳೆಯ ಇಂಗ್ಲಿಷಿನಲ್ಲಿ ಕೆಂಡಕ್ಕೂ ಇದ್ದಿಲಿಗೂ ಇದ್ದ ಹೆಸರು. ಗಣಿಯದು ಆ ಹೆಸರನ್ನು ಕಸಿದುಕೊಂಡ ಮೇಲೆ ಮರದ್ದಕ್ಕೆ ಕೋಲ್‌ನ ಮೊದಲು 'ಚಾರ್' ಸೇರಿಸಬೇಕಾಯಿತು.

ನನಗೆ ಬಹಳ ಇಷ್ಟವಾದದ್ದು ಇಂಗಾಲ. ಸಂಸ್ಕೃತದ ಅಂಗಾರ ಪ್ರಾಕೃತದಲ್ಲಿ ಇಂಗಾಲ ಆಯಿತು. ಅ ಹೋಗಿ ಇ, ರ ಹೋಗಿ ಲ. ಮರಾಠಿಯಲ್ಲಿ ಇಂಗಳ ಎಂದರೆ ಇವತ್ತಿಗೂ ಕೆಂಡ. ಜೈನ ಆಗಮಗಳಲ್ಲಿ ಶ್ರಾವಕರು, ಅಂದರೆ ಗೃಹಸ್ಥ ಜೈನರು, ಮಾಡಬಾರದ ಹದಿನೈದು ಕಸುಬುಗಳ ಪಟ್ಟಿಯೊಂದಿದೆ. ಅದರಲ್ಲಿ ಮೊದಲನೆಯದೇ ಇಂಗಾಲಕಮ್ಮ, ಅಂದರೆ ಇದ್ದಿಲು ಸುಡುವಂಥ ಬೆಂಕಿಯ ಕಸುಬು. ಮರವೂ ಅದರಲ್ಲಿನ ಜೀವಿಗಳೂ ಸಾಯುತ್ತವಲ್ಲ. ಶ್ರವಣಬೆಳಗೊಳದ ಪಕ್ಕದಲ್ಲೇ ಬೆಳೆದ ನನಗೆ ಈ ಪದ ಮೊದಲು ಸಿಕ್ಕಿದ್ದು ಮಾತ್ರ ವಿಜ್ಞಾನದ ಪಠ್ಯದಲ್ಲಿ! ಜಲಜನಕ, ಸಾರಜನಕಗಳು ಹೊಸದಾಗಿ ಕಟ್ಟಿದ ಪದಗಳು. ಇಂಗಾಲ ಹಾಗಲ್ಲ, ಹಳೆಯ ಪದವನ್ನೇ ತಂದು ಕೂರಿಸಿದ್ದು. ಕಾರ್ಬನ್ ಕೂಡ ಹಾಗೆಯೇ: ಲ್ಯಾಟಿನ್ನಿನ ಕಾರ್ಬೋ ಎಂದರೆ ಇದ್ದಿಲು. 1789ರಲ್ಲಿ ಫ್ರೆಂಚ್ ರಸಾಯನವಿಜ್ಞಾನಿ ಲವಾಸಿಯೆ ತನ್ನ ಮೂಲವಸ್ತುಗಳ ಪಟ್ಟಿಯಲ್ಲಿ ಅದನ್ನು ಸೇರಿಸಿದ.

ಅಂಗಾರ ರೂಪವೂ ನಮ್ಮಲ್ಲಿ ಜೀವಂತವಾಗಿದೆ. ಮಂಗಳ ಗ್ರಹ ಕೆಂಡದ ಬಣ್ಣದ್ದಾದ್ದರಿಂದ ಅಂಗಾರಕ. ಮಂಗಳವಾರ ಬಿದ್ದ ಸಂಕಷ್ಟಿ ಅಂಗಾರಕ ಸಂಕಷ್ಟಿ. ಮಾಧ್ವರ ಹಣೆಯ ಕಪ್ಪು ಗೆರೆಯೂ ಅಂಗಾರ.

ಈ ಪದಗಳೆಲ್ಲ ಒಂದೆಡೆ ಸೇರಿದ್ದು ಚಿಕ್ಕಮಗಳೂರು ಜಿಲ್ಲೆಯ ಕೆಮ್ಮಣ್ಣುಗುಂಡಿಯ ಕಥೆಯಲ್ಲಿ. ಆ ಹೆಸರಲ್ಲಿರುವುದೂ ಕೆಂಡದ 'ಕೆಂ'. ಅಲ್ಲಿಯ ಅದಿರು ರೋಪ್‌ವೇಯಲ್ಲಿ ಕೆಳಗಿಳಿದು ಭದ್ರಾವತಿಗೆ ಹೋಗುತ್ತಿತ್ತು. 1923ರಲ್ಲಿ ಅಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದಾಗ ಕುಲುಮೆಗೆ ಹಾಕಿದ್ದು ಕಲ್ಲಿದ್ದಲನ್ನಲ್ಲ, ಮಲೆನಾಡಿನ ಮರದ ಇದ್ದಿಲನ್ನು. ಅದಿರಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟ ಆಮ್ಲಜನಕವನ್ನು ಇದ್ದಿಲಿನಲ್ಲಿರುವ ಇಂಗಾಲ ಎಳೆದುಕೊಳ್ಳುತ್ತದೆ, ಕಬ್ಬಿಣ ಬಿಡುಗಡೆಯಾಗುತ್ತದೆ. ಇದ್ದಿಲು ಅಲ್ಲಿ ಬರೀ ಸೌದೆಯಲ್ಲ ಎಂಬುದನ್ನು ಗುರುತು ಹಾಕಿಕೊಳ್ಳಿ.

ಕೊನೆಗೆ, ಕಡತ. ಈಗ ಕಡತ ಎಂದರೆ ಕಚೇರಿಯ ಫೈಲು. ಹಿಂದೆ ಅದು ಬಟ್ಟೆಯ ಪುಸ್ತಕ: ಹುಣಸೆಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಚಿ, ಬಳಪದಲ್ಲಿ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳಿವೆ. ಬೇಲೂರಿನ ದೇವಸ್ಥಾನ ಕಟ್ಟಿದ್ದೂ ಬಳಪದ ಕಲ್ಲಿನಲ್ಲೇ. ಆ ಕಲ್ಲಿನ ಬಿಳಿ ಗೆರೆ ಎದ್ದು ಕಾಣಲು ಬಟ್ಟೆಗೆ ಕಪ್ಪು ಕೊಟ್ಟದ್ದು ಇದ್ದಿಲು.