ಕೈ ಎತ್ತಿದ್ದು ನಿಜ, ಆದರೆ ಹುಲ್ಲಿನ ಮೇಲೆ ಹಳದಿ ಬಟ್ಟೆ ಬಿದ್ದಿತ್ತು

ಊರಿನಿಂದ ಅಣ್ಣ ಫೋನ್ ಮಾಡಿದಾಗಲೆಲ್ಲ ಒಮ್ಮೆ ಕೆಣಕುತ್ತಾನೆ. "ಎರಡೂ ಕೈ ಎತ್ತಿ ಟಚ್‌ಡೌನ್ ಅಂತೀರಿ, ಎರಡು ನಿಮಿಷ ಬಿಟ್ಟು ಇಲ್ಲ ಅಂತೀರಿ. ಕೊಟ್ಟು ಕಿತ್ಕೊಳ್ಳೋ ಆಟ ಏನೋ ಅದು?"

ನಾನು ಒಹಾಯೋದಲ್ಲಿ ಹೈಸ್ಕೂಲ್ ಹುಡುಗರ ಫುಟ್‌ಬಾಲ್ ಪಂದ್ಯಗಳನ್ನು ನಡೆಸಿಕೊಡುವ ಐದು ಜನರ ತಂಡದಲ್ಲಿ ಒಬ್ಬ. ಅಮೆರಿಕದವರ ಫುಟ್‌ಬಾಲ್, ಮೊಟ್ಟೆಯಾಕಾರದ ಚೆಂಡಿನದು. ಚೆಂಡು ಹೊತ್ತು ಎದುರಾಳಿಯ ತುದಿಯ ಗೆರೆ ದಾಟಿದರೆ ಟಚ್‌ಡೌನ್, ಎರಡೂ ಕೈ ಮೇಲೆತ್ತುವುದು ಅದರ ಸನ್ನೆ. ಶುಕ್ರವಾರ ಸಂಜೆಯಾದರೆ ಕಪ್ಪು ಬಿಳಿ ಪಟ್ಟೆಯ ಅಂಗಿ ಹಾಕಿಕೊಂಡು ಹೊರಡುತ್ತೇನೆ. ನಮ್ಮೆಲ್ಲರ ಸೊಂಟದಲ್ಲೂ ಒಂದು ಹಳದಿ ಬಟ್ಟೆ ಇರುತ್ತದೆ. ಗಾಳಿಗೆ ಹಾರದಿರಲಿ ಅಂತ ಅದರೊಳಗೆ ಸ್ವಲ್ಪ ಭಾರ ಕಟ್ಟಿರುತ್ತಾರೆ. ಯಾರಾದರೂ ತಪ್ಪು ಮಾಡಿದರೆ ಅದನ್ನು ಎಸೆಯುತ್ತೇವೆ, ಆದರೆ ಸಾಮಾನ್ಯವಾಗಿ ಆಟ ನಿಲ್ಲಿಸುವುದಿಲ್ಲ. ಎಲ್ಲ ಗೊಂದಲಕ್ಕೂ ಮೂಲ ಇದೇ.

ಅಣ್ಣನಿಗೆ ಕ್ರಿಕೆಟ್ ಲೆಕ್ಕದಲ್ಲಿ ಹೇಳಿದೆ. ಬೌಲರ್ ಗೆರೆ ದಾಟಿದ, ಅಂಪೈರ್ ಕೈ ಚಾಚಿದ. ಆದರೂ ಚೆಂಡು ಬಂತು, ಬ್ಯಾಟ್ಸ್‌ಮನ್ ಸಿಕ್ಸರ್ ಹೊಡೆದ. ಎಲ್ಲ ಮುಗಿದ ಮೇಲೆ ಅಂಪೈರ್ ಸ್ಕೋರರ್ ಕಡೆ ತಿರುಗಿ ನೋ ಬಾಲನ್ನೂ ತೋರಿಸುತ್ತಾನೆ, ಸಿಕ್ಸರನ್ನೂ ತೋರಿಸುತ್ತಾನೆ. ಎರಡೂ ನಿಜವೇ, ಅಲ್ವಾ? ನಮ್ಮಲ್ಲೂ ಹಾಗೆಯೇ. ನಾನು ಕೈ ಎತ್ತಿದರೆ "ಚೆಂಡು ಗೆರೆ ದಾಟಿದ್ದನ್ನು ನೋಡಿದೆ" ಅಂತ ಅರ್ಥ, ಅಷ್ಟೇ. 6 ಅಂಕ ಬರೆದುಕೊಳ್ಳಿ ಅಂತ ಹೇಳುವವನು ಬಿಳಿ ಟೋಪಿಯವನು, ಅಂದರೆ ನಮ್ಮ ಮುಖ್ಯ ರೆಫ್ರಿ. ಮಿಕ್ಕ ನಾಲ್ವರದು ಕಪ್ಪು ಟೋಪಿ.

ಇದನ್ನು ನಾನು ಕಲಿತದ್ದು ಮುಖಭಂಗ ಮಾಡಿಕೊಂಡು. ಮೂರನೇ ವರ್ಷವೋ ಏನೋ. ಹುಡುಗನೊಬ್ಬ ನನ್ನ ಕಡೆಯ ಅಂಚಿನಲ್ಲೇ ಓಡಿ ಬಂದು ಗೆರೆ ದಾಟಿದ. ನಾನು ಜೋರಾಗಿ ವಿಸಿಲ್ ಊದಿ ಎರಡೂ ಕೈ ಎತ್ತಿದೆ. ಶಾಲೆಯ ಬ್ಯಾಂಡ್ ಶುರುವಾಯಿತು, ಗ್ಯಾಲರಿ ಎದ್ದು ನಿಂತಿತು. ತಿರುಗಿ ನೋಡಿದರೆ ಇಪ್ಪತ್ತು ಗಜ ಹಿಂದೆ ಹುಲ್ಲಿನ ಮೇಲೆ ಹಳದಿ ಬಟ್ಟೆ. ಬಿಳಿ ಟೋಪಿಯವನು ನಿಧಾನವಾಗಿ ಬಂದ. ಒಂದು ಕೈಯಿಂದ ಇನ್ನೊಂದರ ಮಣಿಕಟ್ಟು ಹಿಡಿದು ತೋರಿಸಿದ. ಅದು ಹೋಲ್ಡಿಂಗ್, ಎದುರಾಳಿಯನ್ನು ಹಿಡಿದುಕೊಂಡ ತಪ್ಪು. ಅಂಕ ಹೊಡೆದ ತಂಡದ ಕಡೆಗೇ ಬೆರಳು ಮಾಡಿದ. ಆಮೇಲೆ ಸೊಂಟದ ಹತ್ತಿರ ಎರಡೂ ಕೈ ಅಡ್ಡಡ್ಡ ಬೀಸಿದ. ಟಚ್‌ಡೌನ್ ಹೋಯಿತು. ಬ್ಯಾಂಡ್ ಅರ್ಧ ರಾಗದಲ್ಲೇ ನಿಂತಿತು. ಕೋಚ್ ನನ್ನ ಮುಂದೆ ಬಂದು ಏನೆಲ್ಲ ಅಂದ ಅನ್ನುವುದು ಬೇಡ.

ನಾನು ನೋಡಿದ್ದರಲ್ಲಿ ತಪ್ಪಿರಲಿಲ್ಲ. ಅವಸರ ತಪ್ಪು. ಆಮೇಲೆ ನಮ್ಮ ತಂಡದಲ್ಲಿ ಒಂದು ರೂಢಿ ಮಾಡಿಕೊಂಡೆವು. ಓಡುವವನ ವಿಷಯದಲ್ಲಿ ಮೊದಲು ಹಿಂದೆ ಒಮ್ಮೆ ನೋಡು, ಆಮೇಲೆ ಕೈ ಎತ್ತು. ಆದರೆ ಫೀಲ್ಡ್ ಗೋಲಿಗೆ, ಅಂದರೆ ಎರಡು ಕಂಬಗಳ ನಡುವೆ ಹೋಗಲಿ ಅಂತ ಚೆಂಡು ಒದ್ದಾಗ, ಬಟ್ಟೆ ಬಿದ್ದಿರಲಿ ಬಿಡಲಿ, ಕಂಬದ ಕೆಳಗೆ ನಿಂತ ಇಬ್ಬರೂ ಕಂಡದ್ದನ್ನು ತಕ್ಷಣ ತೋರಿಸಲೇಬೇಕು. ಒದ್ದವನಿಗೆ ಎದುರಾಳಿ ಬಂದು ಗುದ್ದಿದ ಅಂದುಕೊಳ್ಳಿ. ಅದಕ್ಕೆ 15 ಗಜ ದಂಡ, ಜೊತೆಗೆ ಹೊಸದಾಗಿ ಫಸ್ಟ್ ಡೌನ್, ಅಂದರೆ ಮುಂದೆ ಸಾಗಲು ಮತ್ತೆ ಮೊದಲಿಂದ ಅವಕಾಶ. ದಂಡ ಒಪ್ಪುವುದು ಬಿಡುವುದು ಒದ್ದ ತಂಡದ ಇಷ್ಟ. ಈಗ ಅವರ ಕೋಚ್ ಸಿಕ್ಕ 3 ಅಂಕ ಇಟ್ಟುಕೊಳ್ಳಬೇಕೋ, ಅದನ್ನು ಬಿಟ್ಟು 6 ಅಂಕಕ್ಕೆ ಮತ್ತೆ ಆಡಬೇಕೋ? ಚೆಂಡು ಕಂಬಗಳ ನಡುವೆ ಹೋಯಿತೋ ಇಲ್ಲವೋ ಗೊತ್ತಿಲ್ಲದೆ ಅವನು ಏನಂತ ಹೇಳಬೇಕು?

ಜನ ಜಾಸ್ತಿ ಎಡವುವುದು ಇನ್ನೊಂದು ಕಡೆ. ಸೊಂಟದ ಹತ್ತಿರ ಕೈ ಬೀಸುವ ಆ ಸನ್ನೆ ಇದೆಯಲ್ಲ, ಅದೊಂದಕ್ಕೇ ಹಲವು ಅರ್ಥ. ಪಾಸ್ ಹಿಡಿಯಲಿಲ್ಲ, ಒದ್ದದ್ದು ಗೋಲ್ ಆಗಲಿಲ್ಲ, ಅಂಕ ಇಲ್ಲ, ಪೆನಾಲ್ಟಿ ಬೇಡ ಅಂದರು: ಎಲ್ಲಕ್ಕೂ ಅದೇ. ಟಚ್‌ಡೌನ್ ಹೊತ್ತಿನಲ್ಲಿ ತಡೆಯುವ ತಂಡ ಹೋಲ್ಡಿಂಗ್ ಮಾಡಿತ್ತು, ಅಂಕ ಹೊಡೆದವರು ದಂಡ ಬೇಡ ಅಂದರು ಅನ್ನಿ. ಆಗ ಬಿಳಿ ಟೋಪಿಯವನು ಮಣಿಕಟ್ಟು ಹಿಡಿದು ಹೋಲ್ಡಿಂಗ್ ತೋರಿಸುತ್ತಾನೆ. ತಪ್ಪು ಮಾಡಿದವರ ಕಡೆ ಬೆರಳು ಮಾಡುತ್ತಾನೆ. ದಂಡ ಬೇಡವಂತೆ ಅಂತ ಕೈ ಬೀಸುತ್ತಾನೆ. ಕೊನೆಗೆ ಎರಡೂ ಕೈ ಮೇಲೆ. ಬೀಸಿದ ಕೈ ನೋಡಿಯೇ ಅಂಕ ಹೋಯಿತು ಅಂತ ಬೈಯಲು ಶುರು ಮಾಡುವ ಅಪ್ಪಂದಿರು ಪ್ರತಿ ಗ್ಯಾಲರಿಯಲ್ಲೂ ಇದ್ದಾರೆ. ಕಡೆಯ ಸನ್ನೆ ಬರುವವರೆಗೆ ತಡೆಯಿರಿ ಸ್ವಾಮಿ.

ಯಾರೂ ಚೆಂಡು ಹೊತ್ತು ಗೆರೆ ದಾಟದೆ, ದಂಡದಿಂದಲೇ ಅಂಕ ಬರುವುದೂ ಉಂಟು. ಚೆಂಡು ಇರುವ ತಂಡ ತನ್ನದೇ ಎಂಡ್ ಜೋನಿನಲ್ಲಿ, ಅಂದರೆ ತನ್ನ ಕಡೆಯ ತುದಿ ಗೆರೆಯ ಆಚೆಯ ಪಟ್ಟಿಯಲ್ಲಿ, ಹೋಲ್ಡಿಂಗ್ ಮಾಡಿದರೆ ಎದುರಾಳಿಗೆ 2 ಅಂಕ, ಅದರ ಹೆಸರು ಸೇಫ್ಟಿ. ತಿರುಪತಿಯಲ್ಲಿ ಗೋವಿಂದಾ ಅನ್ನುವಾಗ ಕೈ ಮುಗಿದ ಹಾಗೆ ತಲೆ ಮೇಲೆ ಅಂಗೈ ಜೋಡಿಸುವುದು ಇದರ ಸನ್ನೆ. 2009ರ ಫೆಬ್ರುವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ವೃತ್ತಿಪರರ ಫೈನಲ್‌ನಲ್ಲಿ, ಪಿಟ್ಸ್‌ಬರ್ಗ್ ಸ್ಟೀಲರ್ಸ್ ಹೀಗೆಯೇ 2 ಅಂಕ ಕೊಟ್ಟಿತು. ಕೊನೆಗೆ ಗೆದ್ದಿತು ಅನ್ನಿ, 27-23ರಿಂದ.

ಅಂಕ ಹೋದ ಕತೆಗಳಲ್ಲಿ ನನಗೆ ಪಾಪ ಅನ್ನಿಸುವುದು ಬ್ರಾಡ್ ವಿಂಗ್‌ನದು. 2011ರಲ್ಲಿ ಕಾಲೇಜು ಫುಟ್‌ಬಾಲಿಗೆ ಹೊಸ ನಿಯಮ ಬಂತು: ಗೆರೆ ದಾಟುವ ಮುಂಚೆ ಎದುರಾಳಿಯನ್ನು ಅಣಕಿಸಿದರೆ ಟಚ್‌ಡೌನ್ ಇಲ್ಲ. ಆ ಅಕ್ಟೋಬರಿನಲ್ಲೇ ಎಲ್‌ಎಸ್‌ಯುನ, ಅಂದರೆ ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ, ಪಂಟರ್ (ಚೆಂಡು ದೂರಕ್ಕೆ ಒದೆಯುವವನು) ವಿಂಗ್, ಫ್ಲೋರಿಡಾ ಎದುರು ಒದೆಯುವ ನಾಟಕವಾಡಿ ಚೆಂಡು ಹಿಡಿದೇ ಓಡಿದ. ಖುಷಿ ತಡೆಯದೆ ಗೆರೆಗೆ ಮುಂಚೆಯೇ ಕೈ ಅಗಲಿಸಿದ. ಟಚ್‌ಡೌನ್ ಹೋಯಿತು. ನಮ್ಮ ಹೈಸ್ಕೂಲ್ ನಿಯಮದಲ್ಲಿ ಅಂಕ ಉಳಿಯುತ್ತದೆ, ದಂಡ ಆಮೇಲೆ. ಹುಡುಗಾಟಕ್ಕೆ ಅಷ್ಟು ಶಿಕ್ಷೆ ಸಾಕು ಅನ್ನುವುದು ನನ್ನ ಮಾತು.

2023ರ ಡಿಸೆಂಬರ್ 10ರಂದು ವೃತ್ತಿಪರ ತಂಡಗಳಾದ ಕ್ಯಾನ್ಸಸ್ ಸಿಟಿ, ಬಫಲೋ ಆಡಿದ ಪಂದ್ಯದ ಬಗ್ಗೆ ನನಗೆ ಅಂಥ ಕನಿಕರವಿಲ್ಲ. ಕೊನೆಯ ಎರಡು ನಿಮಿಷದೊಳಗೆ ಕ್ಯಾನ್ಸಸ್ ಸಿಟಿಯ ಟ್ರಾವಿಸ್ ಕೆಲ್ಸಿ ಚೆಂಡು ಹಿಡಿದು ಪಕ್ಕಕ್ಕೆ ಎಸೆದ, ಅದೇ ತಂಡದ ಕಡೇರಿಯಸ್ ಟೋನಿ ಓಡಿ ಗೆರೆ ದಾಟಿದ. ಅದ್ಭುತ ಆಟ. ಆದರೆ ಟೋನಿ ಆಟ ಶುರುವಾಗುವ ಮುಂಚೆಯೇ ಚೆಂಡು ಇಟ್ಟ ಜಾಗದ ಗೆರೆ ದಾಟಿ ನಿಂತಿದ್ದ, ಅದಕ್ಕೇ ಆಫ್‌ಸೈಡ್ ಅನ್ನುವುದು. ಟಚ್‌ಡೌನ್ ಹೋಯಿತು. ಬಫಲೋ 20-17ರಿಂದ ಗೆದ್ದಿತು. ಕೂಗಾಡಿದವರು ಎಷ್ಟೋ ಜನ. ಆಫ್‌ಸೈಡ್ ಆಫ್‌ಸೈಡೇ.

ಅಂದಹಾಗೆ ಈ ಬಟ್ಟೆ ಹುಟ್ಟಿದ್ದೂ ನಮ್ಮ ಒಹಾಯೋದಲ್ಲೇ. 1941ರಲ್ಲಿ ಯಂಗ್ಸ್‌ಟೌನ್ ಕಾಲೇಜಿನ ಕೋಚ್ ಡ್ವೈಟ್ ಬೀಡಿ ಕೇಳಿದ್ದಕ್ಕೆ ಅವರ ಹೆಂಡತಿ ಹೊಲಿದುಕೊಟ್ಟರು. ಅದು ಕೆಂಪು ಬಟ್ಟೆ, ಬಿಳಿ ಪಟ್ಟೆ. ಅದಕ್ಕೂ ಮುಂಚೆ ತಪ್ಪು ಕಂಡರೆ ಹಾರ್ನ್ ಊದುತ್ತಿದ್ದರು, ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ.

ಅವತ್ತು ಅರ್ಧ ರಾಗಕ್ಕೆ ನಿಲ್ಲಿಸಿದ ಆ ಶಾಲೆಗೆ ಈಗಲೂ ಹೋಗುತ್ತೇನೆ. ಬ್ಯಾಂಡ್ ಮೇಷ್ಟ್ರು ಅವರೇ. ನನ್ನ ಕೈ ಮೇಲೆ ಹೋದರೆ ಅವರು ಅಲ್ಲಾಡುವುದಿಲ್ಲ. ಬಿಳಿ ಟೋಪಿಯವನ ಕೈ ಎದ್ದ ಮೇಲೆಯೇ ಕಡ್ಡಿ ಎತ್ತುತ್ತಾರೆ.