ಬೇಸಿಗೆಯಲ್ಲಿ ಕಂದು ಚಿಟ್ಟೆಯ ಉಂಗುರಗಳು ಎಲ್ಲಿಗೆ ಹೋದವು?

ಪ್ರಶ್ನೆ: ಮಳೆಗಾಲದ ಕೊನೆಯಲ್ಲಿ ಮುಳ್ಳಯ್ಯನಗಿರಿ ದಾರಿಯ ಹುಲ್ಲಿನಲ್ಲಿ, ರೆಕ್ಕೆಯ ಮೇಲೆ ಹಳದಿ ಉಂಗುರಗಳಿದ್ದ ಸಣ್ಣ ಕಂದು ಚಿಟ್ಟೆಗಳನ್ನು ನೋಡಿದ್ದೆವು. ಫೆಬ್ರವರಿಯಲ್ಲಿ ಅದೇ ಜಾಗದಲ್ಲಿ ಅಷ್ಟೇ ಗಾತ್ರದ, ಆದರೆ ಉಂಗುರಗಳೇ ಇಲ್ಲದ ಚಿಟ್ಟೆಗಳು ಸಿಕ್ಕವು. ಇವು ಬೇರೆ ಜಾತಿಯವೇ?

ಉತ್ತರ: ಬೇರೆ ಜಾತಿಯವಾಗಿರಲೇಬೇಕೆಂದಿಲ್ಲ. ಚಂದ್ರದ್ರೋಣ ಪರ್ವತದ ಹುಲ್ಲುಗಾವಲಿನಲ್ಲೂ ಕಾಫಿ ತೋಟದಂಚಿನ ಗೋಮಾಳಗಳಲ್ಲೂ ನೆಲಕ್ಕೆ ತಾಗುವಂತೆ ಕುಪ್ಪಳಿಸುತ್ತಾ ಹಾರುವ ಈ ಚಿಟ್ಟೆಗಳು ಹೆಚ್ಚಾಗಿ ಇಪ್ತಿಮಾ ಕುಲಕ್ಕೆ ಸೇರಿದವು. ಇವುಗಳಲ್ಲಿ ಮಳೆಗಾಲದ ತಲೆಮಾರು ಒಂದು ರೂಪದಲ್ಲಿದ್ದರೆ ಒಣಹವೆಯ ತಲೆಮಾರು ಇನ್ನೊಂದು ರೂಪದಲ್ಲಿರುತ್ತದೆ. ಕೋಶದಿಂದ ಹೊರಬಂದ ಚಿಟ್ಟೆ ತನ್ನ ರೆಕ್ಕೆಯ ಚಿತ್ತಾರವನ್ನು ಮತ್ತೆ ಬದಲಿಸಿಕೊಳ್ಳಲಾರದು. ಆದ್ದರಿಂದ ನೀವು ಫೆಬ್ರವರಿಯಲ್ಲಿ ನೋಡಿದ್ದು ಉಂಗುರ ಅಳಿಸಿಹೋದ ಹಳೆಯ ಚಿಟ್ಟೆಗಳನ್ನಲ್ಲ, ಅವುಗಳ ಮುಂದಿನ ಪೀಳಿಗೆಯನ್ನು.

ಇವುಗಳ ಬಂಧುವಾದ ಆಫ್ರಿಕಾದ ಬೈಸೈಕ್ಲಸ್ ಅನಿನಾನಾ ಎಂಬ ಕಂದು ಚಿಟ್ಟೆಯ ಮೇಲೆ ಈ ಕುರಿತು ಬಹಳ ಪ್ರಯೋಗಗಳು ನಡೆದಿವೆ. ಅದರ ಮರಿಹುಳುಗಳನ್ನು ಸುಮಾರು 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿದರೆ ಅಲ್ಲಿನ ಬೆಚ್ಚನೆಯ ಮಳೆಗಾಲದಂತೆ ದೊಡ್ಡ ಕಣ್ಣುಚುಕ್ಕಿಗಳ (ಉಂಗುರ ಸುತ್ತಿದ ಚುಕ್ಕಿಗಳ) ಚಿಟ್ಟೆಗಳೂ, 20 ಡಿಗ್ರಿಗಿಂತ ಕೆಳಗೆ ಬೆಳೆಸಿದರೆ ಅಲ್ಲಿನ ತಂಪಾದ ಒಣಹವೆಯಂತೆ ಚುಕ್ಕಿ ಕುಗ್ಗಿದ ಚಿಟ್ಟೆಗಳೂ ಹುಟ್ಟುತ್ತವೆ. ಹಸಿರು ಹುಲ್ಲಿನ ನಡುವೆ ಕಂದು ಚಿಟ್ಟೆ ಹೇಗಿದ್ದರೂ ಎದ್ದು ಕಾಣುತ್ತದೆ. ಆಗ ಸೂರ್ಯನಕುದುರೆ ಮೊದಲು ಎರಗುವುದು ರೆಕ್ಕೆಯಂಚಿನ ಚುಕ್ಕಿಗೆ, ಚಿಟ್ಟೆ ಅಂಚಿನ ಒಂದು ಚೂರನ್ನು ಕಳೆದುಕೊಂಡು ಪಾರಾಗುತ್ತದೆ. ಒಣಗಿದ ಹುಲ್ಲು, ತರಗೆಲೆಗಳ ನಡುವೆ ಸದ್ದಿಲ್ಲದೆ ಕೂರಬೇಕಾದ ಕಾಲದಲ್ಲಿ ಮಾತ್ರ ಅದೇ ಚುಕ್ಕಿ ಶತ್ರುವಿಗೆ ಗುರುತು ತೋರಿಸಿಕೊಟ್ಟಂತಾಗುತ್ತದೆ.

ಜಾತಿಯನ್ನು ಗುರುತಿಸಲು ಹಿಂರೆಕ್ಕೆಯ ಕೆಳಮೈಯನ್ನು ನೋಡಬೇಕು. ಕಾಮನ್ ಫೋರ್‌ರಿಂಗ್‌ ಎಂಬ ಇಪ್ತಿಮಾ ಜಾತಿಯಲ್ಲಿ ಮೇಲ್ತುದಿಯ ಬಳಿ ಒಂದು, ಕೆಳಗೆ ಮೂರು ಉಂಗುರಗಳಿರುತ್ತವೆ. ಕಾಮನ್ ಫೈವ್‌ರಿಂಗ್‌ನಲ್ಲಿ ಜೋಡಿ ಜೋಡಿಯಾಗಿ ಆರು ಇದ್ದರೂ, ಕೊನೆಯ ಪುಟ್ಟ ಎರಡು ಒಂದಕ್ಕೊಂದು ಅಂಟಿಕೊಂಡಂತಿರುವುದರಿಂದ ಅವನ್ನು ಒಂದೆಂದೇ ಎಣಿಸಿ ಐದು ಎನ್ನುತ್ತಾರೆ. ಹೊಸಬರು ಎಡವುವುದು ಇಲ್ಲಿಯೇ. ಒಣಹವೆಯಲ್ಲಿ ಇವು ಸೂಜಿಮೊನೆಯಷ್ಟಾಗುವುದರಿಂದ ಎಣಿಕೆ ಕಷ್ಟ, ಕೆಲವೊಮ್ಮೆ ಅಸಾಧ್ಯ. ಅಂತಹ ಚಿಟ್ಟೆಗೆ ಹೆಸರು ಕೊಡದೆ ‘ಇಪ್ತಿಮಾ’ ಎಂದಷ್ಟೇ ಬರೆದುಕೊಳ್ಳುವುದು ಪ್ರಾಮಾಣಿಕವಾದ ದಾಖಲೆ. ಮುಂರೆಕ್ಕೆಯ ದೊಡ್ಡ ಚುಕ್ಕಿ, ಅದರೊಳಗಿನ ಎರಡು ನೀಲಿಬಿಳಿ ಬಿಂದುಗಳು ಬೇಸಿಗೆಯಲ್ಲೂ ಸಾಮಾನ್ಯವಾಗಿ ಉಳಿದಿರುತ್ತವೆ. ಆದರೆ ವಿಶ್ರಮಿಸುವ ಚಿಟ್ಟೆ ಮುಂರೆಕ್ಕೆಯನ್ನು ಹಿಂರೆಕ್ಕೆಯ ಮರೆಗೆ ಎಳೆದುಕೊಂಡಿದ್ದರೆ ಅದು ಕಾಣುವುದಿಲ್ಲ. ನಿಮಗೆ ಉಂಗುರಗಳೇ ಇಲ್ಲವೆನಿಸಿದ್ದು ಇದರಿಂದಲೂ ಇರಬಹುದು.

ಬೆಳಗಿನ ಎಳೆಬಿಸಿಲಿನಲ್ಲಿ ಇವು ರೆಕ್ಕೆಗಳನ್ನು ಅರೆ ಬಿಚ್ಚಿ ಮೈ ಕಾಯಿಸಿಕೊಳ್ಳುತ್ತವೆ. ಆ ಹೊತ್ತಿಗೆ ನಿಮ್ಮ ನೆರಳು ಅವುಗಳ ಮೇಲೆ ಬೀಳದಂತೆ ಕುಕ್ಕರುಗಾಲಲ್ಲಿ ಕುಳಿತು, ಅವು ಬಿಸಿಯೇರಿ ರೆಕ್ಕೆ ಮುಚ್ಚುವವರೆಗೆ ಕಾದರೆ ಮೇಲ್ಮೈ, ಕೆಳಮೈ ಎರಡರ ಚಿತ್ರವೂ ಸಿಗುತ್ತದೆ.