ವಿದ್ಯುತ್ ಬಿಲ್ಲಿನಲ್ಲಿ ಕಾಣದ ಖರ್ಚು: ಚರ್ಚಾಸ್ಪರ್ಧೆಗೆ ಕುಳಿತವರಿಗೊಂದು ಟಿಪ್ಪಣಿ

'ಯಾವ ಮೂಲದ ವಿದ್ಯುತ್ ಅಗ್ಗ?' ಎಂಬ ಪ್ರಶ್ನೆ ಅರ್ಥಶಾಸ್ತ್ರದ ಪತ್ರಿಕೆಯಲ್ಲೂ ಬರುತ್ತದೆ, ಚರ್ಚಾಸ್ಪರ್ಧೆಯಲ್ಲೂ ಬರುತ್ತದೆ. ಒಮ್ಮೆ ನಾನು ಸೌರಶಕ್ತಿಯ ಪರವಾಗಿ ಮಾತನಾಡಿ ಸೋತೆ. ಎದುರಿನವರು ಕೇಳಿದ್ದು ಒಂದೇ ಮಾತು: 'ಸಂಜೆಯ ಮೇಲೆ ಏನು ಮಾಡುತ್ತೀರಿ?' ಆ ಸೋಲಿನ ನಂತರ ಲೆಕ್ಕ ಹಾಕುತ್ತ ಬರೆದುಕೊಂಡ ಟಿಪ್ಪಣಿ ಇದು. ಉದಾಹರಣೆಗಳೆಲ್ಲ ನಮ್ಮ ರಾಜ್ಯದವೇ. ಕಲ್ಲಿದ್ದಲು, ನೀರು, ಅಣು, ಬಿಸಿಲು ನಾಲ್ಕರ ಸ್ಥಾವರಗಳೂ ಇಲ್ಲಿರುವಾಗ ಜರ್ಮನಿಯ ಅಂಕಿಅಂಶ ಬಾಯಿಪಾಠ ಮಾಡುವುದೇಕೆ?

ಮೆಗಾವ್ಯಾಟ್ ಬೇರೆ, ಯೂನಿಟ್ ಬೇರೆ

ಮೆಗಾವ್ಯಾಟ್ ಎಂದರೆ ಸಾಮರ್ಥ್ಯ, ಯೂನಿಟ್ ಎಂದರೆ ಉತ್ಪಾದನೆ. ಇವೆರಡನ್ನು ಕಲಸಿಬಿಟ್ಟರೆ ಚರ್ಚೆ ಅಲ್ಲಿಗೇ ಕೆಟ್ಟಂತೆ. ಪಾವಗಡದ ಸೌರ ಉದ್ಯಾನ 2050 ಮೆಗಾವ್ಯಾಟಿನದು. ಕೈಗಾ ಅಣುಸ್ಥಾವರದ ನಾಲ್ಕು ಘಟಕಗಳು ಸೇರಿ 880. ಹಾಗೆಂದು ಪಾವಗಡ ಕೈಗಾದ ಎರಡು ಪಟ್ಟು ವಿದ್ಯುತ್ ಕೊಡುವುದಿಲ್ಲ. ಬಿಸಿಲು ಹಗಲಿಗಷ್ಟೇ ಸೀಮಿತವಾದ್ದರಿಂದ ಸೌರ ಫಲಕಗಳು ವರ್ಷಕ್ಕೆ ಸರಾಸರಿ ತಮ್ಮ ಪೂರ್ಣ ಸಾಮರ್ಥ್ಯದ ಶೇ. 22ರಷ್ಟು ದುಡಿಯುತ್ತವೆ ಎಂದಿಟ್ಟುಕೊಳ್ಳಿ. ಆಗ ಸಿಗುವುದು ಸುಮಾರು 395 ಕೋಟಿ ಯೂನಿಟ್. ಕೈಗಾ ಶೇ. 85ರಷ್ಟು ದುಡಿದರೆ 655 ಕೋಟಿ. ಕೈಗಾದ ಒಂದನೇ ಘಟಕವಂತೂ 962 ದಿನ ಒಮ್ಮೆಯೂ ನಿಲ್ಲದೆ ನಡೆದು, 2018ರ ಡಿಸೆಂಬರ್ 31ರಂದು ವಿಶ್ವದಾಖಲೆಯೊಂದಿಗೆ ವಿರಮಿಸಿತು.

ಹಾಗಾದರೆ ಅಣುವಿದ್ಯುತ್ತೇ ಗೆದ್ದಿತೇ? ಅದರ ಖರ್ಚು ಇಂಧನಕ್ಕಿಂತ ಕಟ್ಟುವ ವರ್ಷಗಳಲ್ಲಿದೆ. ಕೈಗಾದ ಕಾಮಗಾರಿ ಶುರುವಾದದ್ದು 1989ರಲ್ಲಿ. 1994ರಲ್ಲಿ ನಿರ್ಮಾಣ ಹಂತದ ಗುಮ್ಮಟದ ಕಾಂಕ್ರೀಟು ಒಳಗಿನಿಂದ ಕಳಚಿ ಬಿದ್ದಿತು. ವಾಣಿಜ್ಯ ಉತ್ಪಾದನೆ ಆರಂಭವಾಗುವ ಹೊತ್ತಿಗೆ 2000ನೇ ಇಸವಿ. ಒಂದು ಯೂನಿಟ್ಟೂ ಮಾರದ ಅಷ್ಟೂ ವರ್ಷ ಹೂಡಿದ ಹಣಕ್ಕೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಬಳಸಿದ ಇಂಧನವನ್ನು ತಲೆಮಾರುಗಳ ಕಾಲ ಕಾಯುವ ಹೊಣೆ ಬೇರೆ.

ರಾಯಚೂರಿನ ಬೂದಿ

ಪಠ್ಯದಲ್ಲಿ 'ಬಾಹ್ಯ ವೆಚ್ಚ' ಎಂಬ ಪದ ಬರುತ್ತದೆ. ಮಾರುವವನೂ ಕೊಳ್ಳುವವನೂ ಕೊಡದೆ ಮೂರನೆಯವನು ತೆರುವ ಬೆಲೆ ಅದು. ವ್ಯಾಖ್ಯೆ ಮರೆತರೂ ಶಕ್ತಿನಗರವನ್ನು ನೆನಪಿಟ್ಟುಕೊಳ್ಳಿ. ಅಲ್ಲಿನ ಉಷ್ಣ ಸ್ಥಾವರದಲ್ಲಿ 210 ಮೆಗಾವ್ಯಾಟಿನ ಏಳು, 250ರ ಒಂದು ಘಟಕ ಇವೆ. 210ರ ಒಂದು ಘಟಕ ದಿನವಿಡೀ ಪೂರ್ಣ ಪ್ರಮಾಣದಲ್ಲಿ ಓಡಿದರೆ 50 ಲಕ್ಷ ಯೂನಿಟ್. ಯೂನಿಟ್ಟಿಗೆ 700 ಗ್ರಾಂ ಕಲ್ಲಿದ್ದಲು ಎಂದರೆ ದಿನಕ್ಕೆ 3,500 ಟನ್. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಹೆಚ್ಚು, ಶೇ. 35 ಎಂದು ಹಿಡಿದರೆ ದಿನಕ್ಕೆ 1,200 ಟನ್ನಿಗೂ ಮೇಲ್ಪಟ್ಟು ಬೂದಿ, ಅದೂ ಒಂದೇ ಘಟಕದಿಂದ. ಸಿಮೆಂಟಿಗೆ, ಇಟ್ಟಿಗೆಗೆ ಹೋಗಿ ಮಿಕ್ಕದ್ದು ಬೂದಿಹೊಂಡ ಸೇರುತ್ತದೆ. ಬೇಸಿಗೆಯ ಗಾಳಿಗೆ ಅದು ಎದ್ದರೆ ಬೀಳುವುದು ಯಾರ ಹೊಲದ ಮೇಲೆ, ಯಾರ ಶ್ವಾಸಕೋಶದಲ್ಲಿ? ಆ ಆಸ್ಪತ್ರೆ ಚೀಟಿ ವಿದ್ಯುತ್ ದರದಲ್ಲಿ ಸೇರುವುದಿಲ್ಲ.

ಇಂಗಾಲದ ಲೆಕ್ಕಕ್ಕೆ ಐಪಿಸಿಸಿ (ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ಸಮಿತಿ) 2014ರಲ್ಲಿ ಕೊಟ್ಟ ಮಧ್ಯಾಂಕಗಳು ಸಾಕು. ಸ್ಥಾವರ ಕಟ್ಟುವುದರಿಂದ ಕೆಡವುವವರೆಗೆ ಹೊರಬೀಳುವ ಹಸಿರುಮನೆ ಅನಿಲವನ್ನೆಲ್ಲ ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ತಂದು ಹಂಚಿದರೆ ಯೂನಿಟ್ಟಿಗೆ ಕಲ್ಲಿದ್ದಲಿಗೆ 820 ಗ್ರಾಂ, ದೊಡ್ಡ ಸೌರ ಸ್ಥಾವರಕ್ಕೆ 48, ಜಲವಿದ್ಯುತ್ತಿಗೆ 24, ಅಣುವಿಗೆ 12, ನೆಲದ ಮೇಲಿನ ಗಾಳಿಯಂತ್ರಕ್ಕೆ 11. ಜಲವಿದ್ಯುತ್ತಿನ ಅಂಕಿಯನ್ನು ಮಾತ್ರ ಎಚ್ಚರದಿಂದ ಬಳಸಿ. ಮುಳುಗಿದ ಮರಗಿಡ ಕೊಳೆತು ಮೀಥೇನ್ ಹೊರಬರುವುದರಿಂದ ಅದು ಜಲಾಶಯದಿಂದ ಜಲಾಶಯಕ್ಕೆ ಬಹಳ ಬದಲಾಗುತ್ತದೆ.

ಶರಾವತಿ ಏಕೆ ಅಗ್ಗ?

1964ರ ಲಿಂಗನಮಕ್ಕಿ ಅಣೆಕಟ್ಟೆಯ ಸಾಲ ಎಂದೋ ತೀರಿದೆ, ಯಂತ್ರ, ಕಟ್ಟಡಗಳ ಸವಕಳಿಯ ಲೆಕ್ಕವೂ ಮುಗಿದಿದೆ, ನೀರಿಗೆ ಬೆಲೆಯಿಲ್ಲ. ಆದ್ದರಿಂದ ಆ ವಿದ್ಯುತ್ ಅಗ್ಗ ಎಂದು ಬರೆದರೆ ಅಂಕ ಸಿಗುತ್ತದೆ. ನನಗೆ ಸಮಾಧಾನವಿಲ್ಲ. ಹಿನ್ನೀರು ಏರಿದಾಗ ಸಾಗರ, ಹೊಸನಗರ ಸೀಮೆಯ ಜನ ತೋಟ, ಗದ್ದೆ, ಮನೆ ಬಿಟ್ಟು ಎದ್ದರು. ಅವರಲ್ಲಿ ಎಷ್ಟೋ ಕುಟುಂಬಗಳ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಾರೆ. ತುಮರಿ ಭಾಗದವರು ಊರಲ್ಲೇ ಉಳಿದರೂ ಸುತ್ತ ನೀರು ನಿಂತು ದ್ವೀಪದವರಂತಾದರು. ಹೆರಿಗೆ ನೋವು ಬಂದರೂ ಲಾಂಚ್ ಕಾಯಬೇಕಿತ್ತು. ಸಿಗಂದೂರಿನ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅದರ ಖರ್ಚು ಬಿದ್ದದ್ದು ಹೆದ್ದಾರಿಯ ಖಾತೆಗೆ, ಶರಾವತಿ ವಿದ್ಯುತ್ತಿನ ಖಾತೆಗಲ್ಲ. ನನ್ನ ಮಟ್ಟಿಗೆ ಬಾಹ್ಯ ವೆಚ್ಚಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಯಾವ ಪಠ್ಯದಲ್ಲೂ ಇಲ್ಲ.

ಪಾವಗಡದ ಏಳು ಪೈಸೆ

ಪಾವಗಡದಲ್ಲಿ ಜಮೀನು ಕಸಿಯಲಿಲ್ಲ. ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುವ ಸೀಮೆಯಲ್ಲಿ ಇದು ಸಣ್ಣ ಮೊತ್ತವಲ್ಲ. ಆರಂಭದ ದರದಲ್ಲಿ ಒಟ್ಟು ಗುತ್ತಿಗೆ ಹಣ ವರ್ಷಕ್ಕೆ 27.3 ಕೋಟಿ. ಮೇಲಿನ 395 ಕೋಟಿ ಯೂನಿಟ್ಟಿಗೆ ಹಂಚಿ ನೋಡಿ: ಯೂನಿಟ್ಟಿಗೆ ಏಳೇ ಪೈಸೆ! ಈ ಭಾಗಾಕಾರವನ್ನು ನಾನು ಮೂರು ಸಲ ಮಾಡಿ ನೋಡಿದೆ. ಭೂಮಿಯ ಪಾಲು ಇಷ್ಟು ಕಡಿಮೆಯಿರುವಾಗ, ಅದೇ ಹೊಲಗಳಲ್ಲಿ ಕಳೆ ಕೀಳುತ್ತಿದ್ದ, ಕುರಿ ಮೇಯಿಸುತ್ತಿದ್ದ ಭೂಹೀನರಿಗೆ ಮೂರು ಪೈಸೆ ತೆಗೆದಿಡುವುದು ಅಸಾಧ್ಯವಾಗಿರಲಿಲ್ಲ. ಗುತ್ತಿಗೆ ಪತ್ರದಲ್ಲಿ ಹೆಸರಿರುವುದು ಪಹಣಿ ಇದ್ದವರದು ಮಾತ್ರ.

ಸಂಜೆಯ ಪ್ರಶ್ನೆಗೆ ಉತ್ತರ

ಸೌರಶಕ್ತಿಯ ಪರ ನಿಂತವರು ಶೇಖರಣೆಯ ಖರ್ಚನ್ನು ಎದುರಾಳಿ ಎತ್ತುವ ಮೊದಲೇ ತಾವೇ ಎತ್ತಬೇಕು. ಒಂದು ದಾರಿ ಬ್ಯಾಟರಿ. ಇನ್ನೊಂದು ಪಂಪ್ಡ್ ಸ್ಟೋರೇಜ್: ಮಧ್ಯಾಹ್ನ ಮಿಕ್ಕ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲೆತ್ತಿ, ಸಂಜೆ ಇಳಿಬಿಟ್ಟು ಟರ್ಬೈನು ತಿರುಗಿಸುವುದು. ಐದು ಯೂನಿಟ್ ಸುರಿದರೆ ಹೆಚ್ಚುಕಡಿಮೆ ನಾಲ್ಕು ಹಿಂದಿರುಗುತ್ತವೆ. ಮೂರು ರೂಪಾಯಿಗೆ ಕೊಂಡ ಸೌರ ಯೂನಿಟ್ ಹೀಗೆ ಸಂಜೆಯಾಗುವ ಹೊತ್ತಿಗೆ 3.75 ರೂಪಾಯಿ, ಸುರಂಗ, ಯಂತ್ರಗಳ ಬಂಡವಾಳ ಇದರಲ್ಲಿ ಸೇರಿಲ್ಲ.

ಕರ್ನಾಟಕದಲ್ಲಿ ಇಂಥ 2000 ಮೆಗಾವ್ಯಾಟಿನ ಯೋಜನೆಗೆ ಗುರುತಿಸಿರುವುದು ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವಿನ ಕಣಿವೆ, ಸಿಂಗಳೀಕಗಳ ಕಾಡು. ಪಾವಗಡದ ಬಯಲಿನಲ್ಲಿ ಶುರುವಾದ ಲೆಕ್ಕ ಮತ್ತೆ ಶರಾವತಿಯ ದಂಡೆಗೇ ಬಂದು ನಿಲ್ಲುತ್ತದೆ. ಮುಂದಿನ ಸಲ ಯಾರಾದರೂ ಸಂಜೆಯ ಪ್ರಶ್ನೆ ಕೇಳಿದರೆ ನಾನು ಈ ಜಾಗದಿಂದಲೇ ಮಾತು ಶುರುಮಾಡುತ್ತೇನೆ.